ನಲವತ್ತೊಂದನೆಯ ಮಿಂಚುಳ್ಳಿ

"ಮುಟ್ಟಬೇಡಿ."

ಮಾತು ಹೊರಬೀಳುವ ಮೊದಲೇ ಅವಳ ಎಡಗೈ ಅವನ ಮಣಿಕಟ್ಟನ್ನು ಹಿಡಿದಾಗಿತ್ತು. ಅವನ ಬೆರಳಿಗೂ ಮೇಜಿನ ಮೇಲಿದ್ದ ಚಾಕೊಲೇಟಿನ ರೆಕ್ಕೆಗೂ ನಡುವೆ ಉಳಿದದ್ದು ಒಂದು ಕಡ್ಡಿಯಷ್ಟು ಅಂತರ.

ಎಂಥ ಬಿಸಿ ಕೈ! ಒಲೆಯಿಂದ ಆಗತಾನೇ ಇಳಿಸಿದ ಪಾತ್ರೆಯನ್ನು ಹಿಡಿದಂತೆ ಅವಳಿಗೆ ಅನಿಸಿತು.

ಅವನಿಗೆ ಅನಿಸಿದ್ದೇ ಬೇರೆ. "ಇಷ್ಟು ತಣ್ಣಗಿದೆಯಲ್ಲ ನಿಮ್ಮ ಕೈ... ಹುಷಾರಾಗಿದ್ದೀರಾ?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದ.

ಗೋಡೆಯ ಬಳಿ ಡಬ್ಬಿ ಮಡಚುತ್ತಿದ್ದ ಪ್ಯಾಕಿಂಗ್ ಅಕ್ಕ ಕಿಸಕ್ಕನೆ ನಕ್ಕಳು. "ಅವಳು ಹುಷಾರಾಗೇ ಇದ್ದಾಳೆ ತಮ್ಮಾ. ತಂಪಮ್ಮ ಅಂತ ಸುಮ್ನೆ ಕರೀತೀವಾ? ಇನ್ಮೇಲೆ ನೀನು ಹುಷಾರಾಗಿರು."

ಅವಳು ಅವನ ಕೈ ಬಿಟ್ಟಳು. ಬಿಟ್ಟ ಮೇಲೂ ಅಂಗೈಯಲ್ಲಿ ಆ ಬಿಸಿ ಸ್ವಲ್ಪ ಹೊತ್ತು ಉಳಿಯಿತು. ಹೆಬ್ಬೆರಳ ತುದಿಯ ಒಳಬದಿಯ ಹಳೆಯ ಗಾಯದ ಗೆರೆ, ಬಾಲ್ಯದಲ್ಲಿ ಪೆನ್ಸಿಲ್ ಹೆರೆಯುವಾಗ ಬ್ಲೇಡು ತಾಗಿ ಓರೆಯಾಗಿ ಉಳಿದುಹೋಗಿದ್ದ ಗೆರೆ, ಯಾಕೋ ಚುರುಕ್ ಎಂದಿತು.

ಅವನು ಆ ಕೇಕ್ ಕಾರ್ಖಾನೆಗೆ ಕಾಲಿಟ್ಟು ಇನ್ನೂ ಹತ್ತು ನಿಮಿಷವೂ ಆಗಿರಲಿಲ್ಲ.

ಕಾರ್ಖಾನೆ ಎಂದರೆ ಒಂದಕ್ಕೊಂದು ತೆರೆದುಕೊಂಡ ಎರಡು ಕೋಣೆ, ಒಂದು ಅಡುಗೆಮನೆ. ಯಜಮಾನಿ ಅವಳ ದೊಡ್ಡಮ್ಮ. ಅಲ್ಲಿ ತಯಾರಾಗುತ್ತಿದ್ದುದು ಕೇಕ್ ಪಾಪ್‌ಗಳು: ಕಡ್ಡಿಯ ತುದಿಗೆ ಚುಚ್ಚಿದ ಕೇಕಿನ ಉಂಡೆಗಳು. ಆ ಉಂಡೆಯನ್ನು ಹಕ್ಕಿಯೋ ಹಣ್ಣೋ ಬೊಂಬೆಯ ಮುಖವೋ ಮಾಡುವುದು ಮಾಡೆಲಿಂಗ್ ಚಾಕೊಲೇಟ್. ಬಿಳಿ ಚಾಕೊಲೇಟಿಗೆ ಸಕ್ಕರೆಪಾಕ ಬೆರೆಸಿ ನಾದಿದರೆ ಅದು ಜೇಡಿಮಣ್ಣಿನಂತೆ ಹೇಳಿದ ಮಾತು ಕೇಳುತ್ತದೆ. ಅದರ ದೋಷವೂ ಅದೇ. ಬಿಸಿ ಕೈ ತಾಗಿತೋ, ಮೆತ್ತಗಾಗಿ ಬೆರಳಿನ ಗುರುತನ್ನೂ ಉಳಿಸಿಕೊಂಡುಬಿಡುತ್ತದೆ.

ಹಾಗಾಗಿ ಆ ಕಸುಬಿನಲ್ಲಿ ತಣ್ಣನೆ ಕೈ ಎಂದರೆ ಹಾಡುಗಾರರಿಗೆ ಕಂಠವಿದ್ದಂತೆ. ಅವಳ ಕೈಯಿಂದ ಹನ್ನೊಂದು ವರ್ಷಗಳಲ್ಲಿ ಸಾವಿರಾರು ರೆಕ್ಕೆಗಳು, ಕೊಕ್ಕುಗಳು, ಎಲೆಗಳು ಹೊರಬಂದಿದ್ದವು. ಒಂದರ ಮೇಲೂ ಒಂದು ಗುರುತಿರಲಿಲ್ಲ.

ಅವನು ಬಂದದ್ದು ಮೆರುಗು ಹಾಕುವ ಕೆಲಸಕ್ಕೆ. ಮೊದಲು ಮರದ ಪೀಠೋಪಕರಣಗಳಿಗೆ ಅರಗಿನ ಪಾಲಿಶ್ ಮಾಡುತ್ತಿದ್ದವನು. ಸಿಹಿತಿಂಡಿಗೆ ಹಾಕುವ, ತಿನ್ನಬಹುದಾದ ಅರಗಿನ ಮೆರುಗೂ ಹೆಚ್ಚುಕಡಿಮೆ ಅದೇ ವಿದ್ಯೆ ಎಂದು ದೊಡ್ಡಮ್ಮ ಅವನನ್ನು ಕರೆತಂದಿದ್ದರು. ಸಂಜೆಯೊಳಗೆ ಪ್ಯಾಕಿಂಗ್ ಅಕ್ಕ ಅವನಿಗೆ ಮೆರುಗಪ್ಪ ಎಂದು ನಾಮಕರಣ ಮಾಡಿ ಮುಗಿಸಿದಳು.

ಅದೇ ಸಂಜೆ ತಂಪಮ್ಮ ನೀಲಿ ಟೇಪಿನ ಸುರುಳಿ ತಂದು, ಎರಡು ಕೋಣೆಗಳ ನಡುವಿನ ನೆಲಕ್ಕೆ ಉದ್ದಕ್ಕೂ ಅಂಟಿಸಿದಳು.

"ಇದರಾಚೆ ನಿಮ್ಮ ಕೋಣೆ, ಈಚೆ ನಂದು. ಟ್ರೇ ನಾನೇ ತಂದು ಗೆರೆ ಮೇಲಿಡ್ತೀನಿ. ನೀವು ದಾಟಬೇಡಿ."

"ಸರಿ," ಎಂದ ಅವನು.

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ಅವಳಿಗೆ ಸಿಟ್ಟು ತರಿಸಿತು.

*

ಮೂರು ತಿಂಗಳು ಅವನು ಗೆರೆ ದಾಟಲಿಲ್ಲ. ಹತ್ತಿರ ಬರುತ್ತಿದ್ದ, ಚಪ್ಪಲಿಯ ತುದಿ ಟೇಪಿಗೆ ತಾಗುವಂತೆ ನಿಲ್ಲುತ್ತಿದ್ದ, ಟ್ರೇ ಎತ್ತಿಕೊಂಡು ಹಿಂದಿರುಗುತ್ತಿದ್ದ.

ಅವಳು ಬಣ್ಣದ ಪುಡಿಯನ್ನು ಮದ್ಯಸಾರದ ಹನಿಗಳಲ್ಲಿ ಕರಗಿಸಿ, ನಾಲ್ಕೇ ಕೂದಲಿನ ಕುಂಚದಿಂದ ಗರಿ ಬರೆಯುತ್ತಿದ್ದಳು. ನೀರು ಸೇರಿದರೆ ಬಣ್ಣ ಚಾಕೊಲೇಟಿನ ಮೇಲೆ ಹನಿಗಟ್ಟಿ ಜಾರುತ್ತದೆ. ಮದ್ಯಸಾರವಾದರೆ ಬಣ್ಣವನ್ನು ಬಿಟ್ಟು ತಾನು ಆರಿಹೋಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಸರದಿ ಅವನದು. ಒಂದೊಂದನ್ನೂ ಕಡ್ಡಿಯಲ್ಲೇ ಹಿಡಿದು, ಪಕ್ಕದ ದೀಪಕ್ಕೆ ಒಡ್ಡಿ, ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಿದ್ದ. ಆಮೇಲೆ ತೆಳುವಾಗಿ ಒಂದು ಲೇಪ, ಅದು ಆರಿದ ಮೇಲೆ ಇನ್ನೊಂದು.

ಆ ಒಂದು ಸುತ್ತು ಅವಳಿಗೆ ಅಭ್ಯಾಸವಾಗಿಬಿಟ್ಟಿತು. ತನ್ನ ಹಕ್ಕಿಯನ್ನು ಅಷ್ಟು ಹೊತ್ತು ನೋಡುವವರು ಬೇರೆ ಯಾರಿದ್ದರು? ಕೊಂಡವರು ಎರಡು ಕ್ಷಣ ಮೆಚ್ಚಿ ಬಾಯಿಗೆ ಹಾಕಿಕೊಳ್ಳುವವರೇ ತಾನೇ...

ಅವನು ಏನನ್ನು ನೋಡುತ್ತಾನೆ ಎಂದು ಒಮ್ಮೆ ಕೇಳಿಯೂಬಿಟ್ಟಳು. ಮೆರುಗು ಹಾಕಿದ ಮೇಲೆ ತಿದ್ದುವುದಕ್ಕೆ ಬರುವುದಿಲ್ಲವಲ್ಲ, ಆದ್ದರಿಂದ ಮೊದಲೇ ಪೂರ್ತಿ ನೋಡಿಕೊಳ್ಳುತ್ತೇನೆ ಎಂದ. ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವಳು ಇನ್ನೇನನ್ನೋ ಕೇಳಲು ಕಾಯುತ್ತಿದ್ದಳು ಎಂಬುದು ಉತ್ತರ ಸಿಕ್ಕ ಮೇಲೆ ಅವಳಿಗೇ ತಿಳಿಯಿತು.

ಅಷ್ಟರಲ್ಲಿ ಹೋಟೆಲಿನ ಕೆಲಸ ಬಂತು.

ನಗರದ ದೊಡ್ಡ ಹೋಟೆಲು. ಅದರ ಲಾಂಛನ ಮಿಂಚುಳ್ಳಿ. ಮಾದರಿಗೆಂದು ಅರವತ್ತು ಮಿಂಚುಳ್ಳಿ ಬೇಕು, ಒಪ್ಪಿಗೆಯಾದರೆ ವರ್ಷದ ಎಲ್ಲ ಸಮಾರಂಭಗಳ ಕೆಲಸವೂ ನಿಮಗೇ ಎಂದು ಮ್ಯಾನೇಜರು ಹೇಳಿಹೋದರು. ಕೊರಳಿನವರೆಗೆ ಗುಂಡಿ ಹಾಕಿಕೊಂಡಿದ್ದ ಆ ಮನುಷ್ಯ ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಕುರ್ಚಿಗೆ ಒರಗಲಿಲ್ಲ.

ದೊಡ್ಡಮ್ಮನ ಬೆರಳುಗಳ ಗೆಣ್ಣು ಹಿಡಿದುಕೊಂಡು ವರ್ಷವಾಗಿತ್ತು. ಕಿಟಕಿಯ ಪಕ್ಕದ ಎತ್ತರದ ಕುರ್ಚಿಯನ್ನು, ಕೆಲಸದ ಹೊಣೆಯೆಲ್ಲ ಹೊತ್ತವರು ಮಾತ್ರ ಕೂರುವ ಆ ಕುರ್ಚಿಯನ್ನು ತೋರಿಸಿ ಅವರು ಹೇಳಿದರು: "ಇದೊಂದು ಕೈಗೆ ಬರಲಿ ಮಗಳೇ. ಅವತ್ತಿಂದ ಅಲ್ಲಿ ನೀನು ಕೂತ್ಕೊ."

ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕುಳಿತವಳು ಆ ಕುರ್ಚಿಯತ್ತ ನೋಡದ ದಿನವಿರಲಿಲ್ಲ.

ಎರಡು ಹೆಚ್ಚಿಗೆ ಇರಲಿ ಎಂದು ಅವಳು ಅರವತ್ತೆರಡು ಮಾಡಲು ಕುಳಿತಳು. ಪ್ರತಿ ಕಡ್ಡಿಯ ಬುಡದಲ್ಲಿ ಪುಟ್ಟದಾಗಿ ಅಂಕಿ ಬರೆದುಕೊಂಡು, ಒಂದೊಂದಕ್ಕೂ ರೆಕ್ಕೆ ಅಂಟಿಸಿ, ಬಣ್ಣ ತುಂಬಿ, ಮುಂದಿನದಕ್ಕೆ ಕೈಹಾಕುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಅವನು ಗೆರೆಯ ಬಳಿ ಬಂದು ನಿಂತ.

"ಎಷ್ಟನೇದು?"

"ನಲವತ್ತೊಂದು." ಅವಳು ತಲೆಯೆತ್ತಲಿಲ್ಲ. ಎರಡು ಬೆರಳುಗಳ ನಡುವೆ ರೆಕ್ಕೆಯಿತ್ತು, ಅದನ್ನು ಹಕ್ಕಿಯ ಮೈಗೆ ಒತ್ತುತ್ತಿದ್ದಳು.

ಅವನು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತನಗೆ ತಾನೇ ಹೇಳಿಕೊಂಡಂತೆ, "ಮೂರು ತಿಂಗಳಿಂದ ಹಕ್ಕಿ ನೋಡೋ ನೆಪದಲ್ಲಿ ನಿಮ್ಮನ್ನೇ ನೋಡ್ತಿದ್ದೀನಿ ಅನ್ಸತ್ತೆ," ಎಂದ.

ಹೇಳಿದವನೇ ಟ್ರೇ ಎತ್ತಿಕೊಂಡು ಹೊರಟುಹೋದ.

ಅವಳು ಅಲುಗಾಡಲಿಲ್ಲ. ಎಷ್ಟು ಹೊತ್ತು ಹಾಗೇ ಕುಳಿತಿದ್ದಳೋ... ಎಚ್ಚೆತ್ತು ರೆಕ್ಕೆಯಿಂದ ಬೆರಳು ತೆಗೆದು, ಕುಂಚ ಹಿಡಿದು, ಏನೂ ಆಗದವಳಂತೆ ಗರಿ ಬರೆದಳು. ನೀಲಿ ಗೆರೆಗಳು ಆ ದಿನ ತಾವಾಗಿಯೇ ಮೂಡಿಬಂದಂತೆ ಅನಿಸಿತು.

*

ಹೋಟೆಲಿಗೆ ಕಳಿಸಿದ್ದ ಡಬ್ಬಿ ಮೂರನೆಯ ದಿನ ಬೆಳಗ್ಗೆ ಹಿಂದಿರುಗಿತು. ಮ್ಯಾನೇಜರೇ ತಂದರು. ಮುಚ್ಚಳ ತೆರೆದು, ಒಂದೇ ಒಂದು ಹಕ್ಕಿಯನ್ನು ಹೊರತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು.

ರೆಕ್ಕೆಯ ಮೇಲೆ, ಹೊಳೆಯುವ ಮೆರುಗಿನೊಳಗೆ, ಒಂದು ಹೆಬ್ಬೆರಳಿನ ಗುರುತು.

ಪ್ಯಾಕಿಂಗ್ ಅಕ್ಕ ಮಡಚುತ್ತಿದ್ದ ಡಬ್ಬಿಯನ್ನು ಕೆಳಗಿಟ್ಟಳು.

ತಿನ್ನುವ ಪದಾರ್ಥದ ಮೇಲೆ ಯಾರದೋ ಬೆರಳು ಕಂಡರೆ ತಮ್ಮ ಅತಿಥಿಗಳು ಏನೆಂದುಕೊಳ್ಳಬೇಕು ಎಂದು ಮ್ಯಾನೇಜರು ದನಿಯೆತ್ತದೆ ಕೇಳಿದರು. ಉಳಿದ ಐವತ್ತೊಂಬತ್ತು ಚೆನ್ನಾಗಿರುವುದರಿಂದ ಶನಿವಾರಕ್ಕೆ ಇನ್ನೊಂದು ಅವಕಾಶ ಕೊಡುವುದಾಗಿಯೂ ಹೇಳಿದರು. "ಒಂದೇ ಷರತ್ತು. ಈ ಗುರುತು ಯಾರದೋ, ಆ ಕೈ ನಮ್ಮ ಕೆಲಸ ಮುಟ್ಟಬಾರದು."

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು. ಆ ಕಾರ್ಖಾನೆಯಲ್ಲಿ ಬಿಸಿ ಕೈ ಇದ್ದದ್ದು ಒಬ್ಬನಿಗೇ.

ಮೊದಲು ಬಾಯಿ ತೆರೆದವಳು ಅವಳು. ಆ ಮಧ್ಯಾಹ್ನದ ಮಾತು, ಆಮೇಲೆ ಎರಡು ದಿನ ಅವನು ಕಣ್ಣು ತಪ್ಪಿಸಿಕೊಂಡು ಓಡಾಡಿದ್ದು, ಇವತ್ತಿನ ಈ ಅವಮಾನ ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು.

"ಮೊದಲನೇ ದಿನವೇ ಹೇಳಿದ್ದೆ, ಮುಟ್ಟಬೇಡಿ ಅಂತ. ಅಷ್ಟೂ ಆಗಲಿಲ್ವಾ ನಿಮ್ಮಿಂದ?"

ಅವನು ಹಕ್ಕಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ, ದೀಪದ ಪಕ್ಕದಲ್ಲಿ ಹಕ್ಕಿಗಳನ್ನು ನೋಡುತ್ತಿದ್ದಷ್ಟೇ ನಿಧಾನವಾಗಿ.

"ತಪ್ಪು ನಂದೇ," ಎಂದ.

ಅಷ್ಟೇ. ಅವನು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಟೇಪಿನ ಗೆರೆಯ ಆಚೆ ಬದಿಯಲ್ಲೇ ಇಟ್ಟ. ಅವಸರ ಮಾಡಬೇಡ, ಕೂತು ಮಾತಾಡೋಣ ಎಂದು ದೊಡ್ಡಮ್ಮ ಬಾಗಿಲವರೆಗೂ ಹಿಂದೆ ಹೋದರು. ಅವನು ಕೈಮುಗಿದು ಮೆಟ್ಟಿಲಿಳಿದ.

ಅವಳು ಸ್ಟೂಲಿನಿಂದ ಏಳಲಿಲ್ಲ. ಗೆದ್ದಿದ್ದಳಲ್ಲ, ಯಾಕೆ ಏಳಬೇಕು...

*

ಶನಿವಾರಕ್ಕೆ ಎರಡೇ ದಿನ. ಹೊಸ ಅರವತ್ತರಲ್ಲಿ ಇಪ್ಪತ್ತು ಮುಗಿದಿದ್ದವು. ಮೆರುಗಿನ ಲೇಪವನ್ನು ದೊಡ್ಡಮ್ಮನೇ ಹಾಕುವುದೆಂದು ತೀರ್ಮಾನವಾಗಿತ್ತು.

ಮ್ಯಾನೇಜರು ಬಿಟ್ಟುಹೋದ ಹಕ್ಕಿ ಮೇಜಿನ ಮೂಲೆಯಲ್ಲಿ, ಒಂದು ಲೋಟದಲ್ಲಿ ನಿಂತಿತ್ತು. ಅವಳು ಅದನ್ನು ಎಸೆದಿರಲಿಲ್ಲ. ಕೋಪ ಆರಿಹೋಗುತ್ತಿದೆ ಅನಿಸಿದಾಗಲೆಲ್ಲ ಅತ್ತ ಒಮ್ಮೆ ನೋಡಿ ಮತ್ತೆ ಕಿಚ್ಚು ಹೊತ್ತಿಸಿಕೊಳ್ಳುತ್ತಿದ್ದಳು.

ಆದರೆ ಈ ಸಲ ನೋಡಿದಾಗ ಕೈಯಲ್ಲಿದ್ದ ಕುಂಚ ನಿಂತಿತು.

ಅವನು ಕೆಲಸ ಮಾಡುವುದು ಬಣ್ಣ ಒಣಗಿದ ಮೇಲೆ. ಅವನ ಬೆರಳು ಒತ್ತಿದ್ದರೆ ಬಣ್ಣ ಬಿರಿದು ಬೆರಳಿಗೆ ಹತ್ತಿಕೊಂಡು ಬರಬೇಕಿತ್ತು. ಈ ರೆಕ್ಕೆಯಲ್ಲಿ ಒಂದು ಗರಿಯೂ ಕೆಟ್ಟಿರಲಿಲ್ಲ.



ಹತ್ತಿಯ ತುಂಡನ್ನು ಮದ್ಯಸಾರದಲ್ಲಿ ಅದ್ದಿ ರೆಕ್ಕೆಯ ಮೇಲೆ ಆಡಿಸಿದಳು. ಮೊದಲು ಅರಗಿನ ಹೊಳಪು ಕರಗಿತು. ಇನ್ನೊಂದು ತುಂಡು. ಈಗ ಅವಳು ಬರೆದ ಗರಿಗಳು ಹತ್ತಿಗೆ ಬಂದವು. ಮೇಲಿನ ನೀಲಿಯೆಲ್ಲ ಅಳಿಸಿಹೋದ ಮೇಲೆ, ತಗ್ಗಿನಲ್ಲಿ ಇಳಿದು ಕುಳಿತಿದ್ದ ನೀಲಿ ಮಾತ್ರ ಉಳಿಯಿತು. ಬಿಳಿಯ ರೆಕ್ಕೆಯ ಮೇಲೆ ಸುತ್ತುಸುತ್ತಾಗಿ, ಸ್ಪಷ್ಟವಾಗಿ, ಮುದ್ರೆಯೊತ್ತಿದಂತೆ.

ಬಣ್ಣದ ಕೆಳಗಿತ್ತು ಆ ಗುರುತು. ಬಣ್ಣಕ್ಕಿಂತ ಮೊದಲೇ ಇತ್ತು.

ಆ ಸುತ್ತುಗಳನ್ನು ಓರೆಯಾಗಿ ಸೀಳಿಕೊಂಡು ಒಂದು ಗೆರೆ ಹಾದುಹೋಗಿತ್ತು.

ಅವಳು ತನ್ನ ಎಡಗೈ ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದಳು. ಹಿಡಿಯಬೇಕಾದ ಅಗತ್ಯವಿರಲಿಲ್ಲ, ಆದರೂ ಹಿಡಿದಳು. ಪೆನ್ಸಿಲ್ ಹೆರೆದ ಬ್ಲೇಡಿನ ಗೆರೆ ಅದು.

ಕಡ್ಡಿಯನ್ನು ತಿರುಗಿಸಿದಳು. ಬುಡದಲ್ಲಿ ಅವಳದೇ ಬರಹ: ನಲವತ್ತೊಂದು.

'ಹನ್ನೊಂದು ವರ್ಷ ಆಗದಿದ್ದುದು... ಅವನ ಒಂದು ಮಾತಿಗೆ...'

ಈಗ ಅವಳ ಮುಂದೆ ಎರಡೇ ದಾರಿ. ಸುಮ್ಮನಿದ್ದರೆ ಶನಿವಾರದಿಂದ ಕಿಟಕಿಯ ಪಕ್ಕದ ಕುರ್ಚಿ ಅವಳದು. ಸಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ನುಂಗಿದರೆ ಎರಡು ಕ್ಷಣದ ಕೆಲಸ. ಹೇಳಿದರೆ, ಮ್ಯಾನೇಜರರ ಷರತ್ತು ಬೀಳುವುದು ಅವಳ ಕೈಯ ಮೇಲೆ.

ಬಿಸಿ ಕೈಯ ಮೆರುಗಿನವನು ಹಕ್ಕಿಯ ಮೇಲೆ ಬೆರಳೊತ್ತಿದ ಎಂಬ ಸುದ್ದಿ ಇಷ್ಟರಲ್ಲಿ ಎಷ್ಟು ಅಡುಗೆಮನೆಗಳನ್ನು ಮುಟ್ಟಿರಬಹುದು? ಅವನನ್ನು ಇನ್ನು ಯಾರು ಕರೆಯುತ್ತಾರೆ?

ಅವಳು ಹಕ್ಕಿಯನ್ನು ಎತ್ತಿಕೊಂಡು ದೊಡ್ಡಮ್ಮನ ಮುಂದೆ ನಿಂತಳು.

*

ದೊಡ್ಡಮ್ಮ ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ನಲವತ್ತೊಂದು ಎಂಬ ಅಂಕಿ ನೋಡಿ ಉದ್ಗಾರ ತೆಗೆದವಳು ಪ್ಯಾಕಿಂಗ್ ಅಕ್ಕ.

"ಅಯ್ಯೋ, ಇದನ್ನ ಡಬ್ಬಿಗೆ ಹಾಕಿದ್ದು ನಾನೇ ಕಣೇ. ಮೆರುಗಪ್ಪ ಅರವತ್ತು ಎಣಿಸಿ ಕೊಟ್ಟಿದ್ದ. ನೋಡಿದ್ರೆ ನಲವತ್ತೊಂದು ಇಲ್ಲ, ಅದರ ಜಾಗದಲ್ಲಿ ಅರವತ್ತೊಂದು ಕೂತಿದೆ. ಇದು ಅವನ ದೀಪದ ಹಿಂದೆ, ಒಂದು ಲೋಟದಲ್ಲಿ ನಿಂತಿತ್ತು. ಮರೆತಿದ್ದಾನೆ ಅಂತ ತಂದು ಸರಿಯಾಗಿ ಜೋಡಿಸ್ದೆ. ಅಂಕಿ ತಪ್ಪಿದ್ರೆ ನನಗೆ ಕೈಕಾಲು ಆಡಲ್ಲ, ನಿಂಗೆ ಗೊತ್ತಲ್ಲ..."

ಅವನು ನೋಡಿದ್ದ. ಆ ಒಂದು ಸುತ್ತಿನಲ್ಲಿ ಗುರುತನ್ನು ನೋಡಿ, ಎತ್ತಿಟ್ಟುಕೊಂಡಿದ್ದ. ಯಾಕೆ?

ಅವಳಿಗೆ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಆದರೆ ಅದಕ್ಕೂ ಮೊದಲು ಮುಗಿಸಬೇಕಾದ ಕೆಲಸವೊಂದಿತ್ತು. ಫೋನ್ ಎತ್ತಿ ಮ್ಯಾನೇಜರರಿಗೆ ತಾನೇ ಹೇಳಿದಳು: ಗುರುತು ತನ್ನದು, ಹೋದವನದಲ್ಲ. ಹೇಳಿದ್ದಕ್ಕೆ ಕೃತಜ್ಞತೆ, ಆದರೂ ಷರತ್ತು ಷರತ್ತೇ ಎಂದರು ಅವರು.

ಫೋನ್ ಇಟ್ಟು ತಿರುಗಿದಾಗ ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಡಿದುಕೊಂಡ ಬೆರಳುಗಳನ್ನು ಒಂದೊಂದಾಗಿ ಸಡಿಲಿಸುತ್ತ, ಅವಳ ಸ್ಟೂಲಿನ ಮೇಲೆ ಕುಳಿತಾಗಿತ್ತು. ನೀನು ಮಾಡಿದ ಇಪ್ಪತ್ತನ್ನೂ ಎತ್ತಿಟ್ಟುಬಿಡು, ಅರವತ್ತೂ ನಾನೇ ಮಾಡುತ್ತೇನೆ ಎಂದರು. ಈ ವರ್ಷ ಆ ಕುರ್ಚಿಯ ಮಾತು ಬೇಡ ಎಂದೂ ಹೇಳಿದರು. ಅದು ಶಿಕ್ಷೆಯೇ. ಅವಳು ತಲೆಯಾಡಿಸಿದಳು.

ಆಮೇಲೆ ಅವರು ಅವಳ ಮುಖ ನೋಡದೆ, ಚಾಕೊಲೇಟ್ ನಾದುತ್ತಲೇ ಹೇಳಿದರು:

"ಕುರ್ಚಿ ಎಲ್ಲಿಗೂ ಹೋಗಲ್ಲ ಮಗಳೇ. ಮನುಷ್ಯರು ಹೋಗಿಬಿಡ್ತಾರೆ. ಇನ್ನೂ ಇಲ್ಲೇ ಯಾಕೆ ನಿಂತಿದ್ದೀಯ?"

*

ಅವನ ಹಳೆಯ ಜಾಗ ನಾಲ್ಕು ಬೀದಿ ಆಚೆ, ಪೀಠೋಪಕರಣದ ಅಂಗಡಿಯ ಹಿಂಭಾಗದ ಶೆಡ್ಡು. ಅಲ್ಲಿಗೆ ಬಂದೇ ಇಲ್ಲವೇನೋ, ಊರನ್ನೇ ಬಿಟ್ಟನೇನೋ ಎಂಬ ಭಯದಲ್ಲಿ ಅವಳು ಅರ್ಧ ದಾರಿ ಓಡಿಯೇ ಬಂದಿದ್ದಳು.

ಬಾಗಿಲು ತೆರೆದಿತ್ತು. ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಅವನು ಮೊಣಕಾಲೂರಿ ಒಂದು ಕುರ್ಚಿಯ ಬೆನ್ನಿಗೆ ಅರಗಿನ ಪಾಲಿಶ್ ಉಜ್ಜುತ್ತಿದ್ದ. ಬೆರಳುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು.

ಅವಳು ಹೊಸ್ತಿಲ ಈಚೆಗೇ ನಿಂತಳು.

"ಒಳಗೆ ಬನ್ನಿ," ಎಂದ ಅವನು, ಬೆರಗನ್ನು ಅಡಗಿಸಿಕೊಂಡು. "ಇಲ್ಲಿ ಟೇಪ್ ಇಲ್ಲ."

ಅವಳು ಬರಲಿಲ್ಲ. ಕೈಯಲ್ಲಿದ್ದ ಪುಟ್ಟ ಡಬ್ಬಿಯನ್ನು ತೆರೆದು ತೋರಿಸಿದಳು. ಬಣ್ಣ ಅಳಿದ ರೆಕ್ಕೆ, ಅದರ ಮೇಲೆ ನೀಲಿ ಸುತ್ತುಗಳು, ನಡುವೆ ಓರೆ ಗೆರೆ.

ಅವನ ಕೈ ನಿಂತಿತು.

"ನಂದು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಅಷ್ಟು ಜನರ ಮುಂದೆ ನಿಮ್ಮನ್ನ ಅಂದೆ. ಆಗಲೂ ಹೇಳಲಿಲ್ಲ."

"ಹೇಳಿದ್ರೆ ಆ ಕುರ್ಚಿ..." ಅವನು ಮಾತನ್ನು ಅಲ್ಲೇ ನಿಲ್ಲಿಸಿದ. "ನಾನು ಹೇಳಿದ್ದೂ ಸುಳ್ಳಲ್ಲ. ಕೆಟ್ಟಿರೋದನ್ನ ನೋಡಿದ ಮೇಲೆ ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಮೆರುಗು ಹಾಕಿ ಎತ್ತಿಟ್ಕೊಂಡೆ. ತಪ್ಪು ನಂದೇ."

"ಯಾಕೆ ಎತ್ತಿಟ್ಕೊಂಡ್ರಿ?"

ಅವನು ಬಟ್ಟೆಯ ಉಂಡೆಯನ್ನು ಕೆಳಗಿಟ್ಟ. ತುಂಬ ಮೆಲ್ಲಗೆ ಹೇಳಿದ.

"ಆ ಮಾತು ಆಡಿದ ಮೇಲೆ ನಿಮ್ಮ ಮುಖ ನೋಡೋ ಧೈರ್ಯ ಇರಲಿಲ್ಲ. ಕೋಪ ಬಂತೋ ಏನೋ ಅಂತ ಒದ್ದಾಡ್ತಿದ್ದೆ. ಆಗಲೇ ದೀಪದ ಹತ್ರ ನಲವತ್ತೊಂದು ಕೈಗೆ ಬಂತು. ಯಾವತ್ತೂ ಬಿಸಿಯಾಗದ ಕೈ... ಅವತ್ತು ಆಗಿದೆ. ನನಗೆ ಸಿಕ್ಕ ಉತ್ತರ ಅದೊಂದೇ. ಅದನ್ನ ಯಾರೋ ತಿಂದುಬಿಡಲಿ ಅಂತ ಹೇಗೆ ಕಳಿಸಲಿ?"

ಅವಳ ಕಣ್ಣು ತುಂಬಿತು. ಗರಿ ಬರೆಯುವಾಗ ಉಸಿರು ಬಿಗಿಹಿಡಿಯುವುದು ಅವಳಿಗೆ ರೂಢಿ. ಈಗ ಎಷ್ಟು ಹಿಡಿದರೂ ನಿಲ್ಲಲಿಲ್ಲ.

"ನನ್ನ ಕೈಗೆ ನನಗಿಂತ ಮೊದಲೇ ಗೊತ್ತಾಗಿಬಿಟ್ಟಿತ್ತು," ಎಂದಳು. "ನಾನೇ ತಡ ಮಾಡ್ದೆ."

ಹೊಸ್ತಿಲು ದಾಟಿ ಒಳಗೆ ಬಂದಳು. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇದಕ್ಕೆ ಇನ್ನೊಮ್ಮೆ ಬಣ್ಣ ಬರೆಯುವುದಿಲ್ಲ, ಹೀಗೇ ಮೆರುಗು ಹಾಕಿಕೊಡಿ ಎಂದು ಕೇಳಿದಳು. ಕುರ್ಚಿ ಹೋಯಿತೇ ಎಂದು ಅವನು ಕೇಳಿದ. ಮುಂದಿನ ವರ್ಷ ನೋಡೋಣ, ನಿಮ್ಮ ಏಪ್ರನ್ ಮಾತ್ರ ಮಡಿಸಿಟ್ಟಲ್ಲೇ ಇದೆ, ಅದನ್ನು ಯಾರೂ ಮುಟ್ಟಿಲ್ಲ ಎಂದಳು. ಅದನ್ನು ಹೇಳುವಾಗ ಇಬ್ಬರಿಗೂ ನಗು ಬಂತು.

ಅವಳು ಎಡಗೈ ಚಾಚಿದಳು. ಆ ಮೊದಲ ದಿನ ಅವನನ್ನು ತಡೆದ ಅದೇ ಕೈ.

ಅವನು ಹಿಡಿಯಲು ಹೋಗಿ ಹಿಂಜರಿದ. "ಕೈ ತುಂಬ ಅರಗು. ಅಂಟಿಕೊಂಡುಬಿಡತ್ತೆ..."

"ಅಂಟಿಕೊಳ್ಳಲಿ. ಮುಟ್ಟು."